ಶೇಖವ್ವನ ಕಾಲ್ಗುಣ

"ನಾ ಕಾಲಿಟ್ಟ ಸಾಲು ಬಾಡತೈತ್ರಿ. ನನ್ನ ಮಾಡ್ಕೊಂಡ್ರ ನೀವೂ ಉಳಿಯೂದಿಲ್ಲ," ಎಂದು ಶೇಖವ್ವ ಮುಖ ತಿರುಗಿಸಿದಳು.

ಮದುವೆಯ ಮಾತೆತ್ತಿದವನು ಮೈಲಾರಲಿಂಗಪ್ಪ. ಹತ್ತಿಯ ಸೊರಗು ರೋಗ ನೋಡಲು ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಮಾಸೂರಿಗೆ ಬಂದ ಕೃಷಿ ಇಲಾಖೆಯ ಹುಡುಗ. ಅವಳಿಗೂ ಅವನೆಂದರೆ ಪ್ರಾಣ. ಆದರೆ ಅವಳಿಗೆ ಈ ಮೊದಲು ನಿಶ್ಚಯವಾಗಿದ್ದ ಇಬ್ಬರು ಗಂಡುಗಳು ತಾಳಿ ಕಟ್ಟುವ ಮೊದಲೇ ಸತ್ತಿದ್ದರು. ಮುಸ್ಸಂಜೆಯಾದರೆ ಸತ್ತ ಆ ಇಬ್ಬರೂ ಹತ್ತಿ ಸಾಲಿನ ಕೊನೆಯಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿದರೂ ಹೋಗುತ್ತಿರಲಿಲ್ಲ.

"ಸುಳ್ಳಂತ ಲೆಕ್ಕದಾಗ ತೋರಸ್ತೇನಿ. ಆಮ್ಯಾಲೆ ಹೂಂ ಅಂತೀಯೇನು?"

"ಮೊದಲ ತೋರಸ್ರಿ." ತುಟಿ ನಕ್ಕಿತು, ಕಣ್ಣು ನಗಲಿಲ್ಲ.

ಅವಳು ಬಿತ್ತಿದ ಗಿಡ, ಬೇರೆಯವರು ಬಿತ್ತಿದ ಗಿಡ, ಬದುಕಿದ್ದು, ಸೊರಗಿದ್ದು. ಅವನು ಎಲ್ಲವನ್ನೂ ಎಣಿಸಿ, ಹಾಳೆಯ ಮೇಲೆ ನಾಲ್ಕು ಮನೆ ಗೀಚಿ ತುಂಬಿದ. ಕಾಲ್ಗುಣವೆಂಬುದೇ ಇಲ್ಲದಿದ್ದರೆ ಒಂದೊಂದು ಮನೆಯಲ್ಲಿ ಎಷ್ಟಿರಬೇಕಿತ್ತು, ನಿಜಕ್ಕೂ ಎಷ್ಟಿವೆ, ಆ ಅಂತರ ಬರೀ ಆಕಸ್ಮಿಕವೋ ಅಲ್ಲವೋ ಎಂದು ಹೇಳುವುದೇ ಕೈಸ್ಕ್ವೇರ್ ಪರೀಕ್ಷೆ. ಲೆಕ್ಕ ಮುಗಿಸಿದವನ ಮುಖ ಕಪ್ಪಿಟ್ಟಿತು. ಆಕಸ್ಮಿಕವಲ್ಲ ಎಂದೇ ಬಂದಿತ್ತು.

"ನೋಡಿದ್ರಿಲ್ಲ?" ಎಂದಳು ಶೇಖವ್ವ. ಇನ್ನೇನೂ ಉಳಿದಿಲ್ಲ ಅನ್ನಿಸಿತು ಅವಳಿಗೆ.

ಅವನು ಬಿಡಲಿಲ್ಲ. "ಬಿತ್ತಾಕ ನಿನಗ ಯಾವ ಹೊಲ ಕೊಡ್ತಾರ?"

"ಕೆರಿ ಕೆಳಗಿಂದು. ಚಲೋ ಹೊಲಕ್ಕ ನನ್ನ ಬಿಟ್ಕೊಳ್ಳೂದಿಲ್ಲರಿ."

"ಅದು ನೀರು ನಿಂದ್ರೂ ತಗ್ಗು! ಅಲ್ಲಿ ಯಾರು ಬಿತ್ತಿದ್ರೂ ಸೊರಗತೈತಿ!"

ಆ ತಗ್ಗಿನ ಹೊಲವನ್ನಷ್ಟೇ ತೆಗೆದುಕೊಂಡು, ಅಲ್ಲಿಗೇ ಕೂಲಿಗೆ ಬರುತ್ತಿದ್ದ ಚೌಡವ್ವನ ಸಾಲುಗಳ ಜೊತೆ ಶೇಖವ್ವನ ಸಾಲುಗಳನ್ನು ಹೋಲಿಸಿದ. ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಊರು ಅವಳನ್ನು ಕೆಟ್ಟ ನೆಲಕ್ಕೆ ದೂಡಿ, ನೆಲದ ತಪ್ಪನ್ನು ಅವಳ ತಲೆಗೆ ಕಟ್ಟಿತ್ತು. ಶೇಖವ್ವ ಬಿಕ್ಕಿ ಬಿಕ್ಕಿ ಅತ್ತಳು.

"ಆ ಇಬ್ಬರು?" ಕೊನೆಗೆ ಕೇಳಿದಳು.

"ಇಬ್ಬರ ಮ್ಯಾಲೆ ಈ ಪರೀಕ್ಷೆ ನಡಿಯೂದಿಲ್ಲ, ಭಾಳ ಕಡಿಮಿ ಆತು. ಹೌದಂತನೂ ಹೇಳೂದಿಲ್ಲ, ಅಲ್ಲಂತನೂ ಹೇಳೂದಿಲ್ಲ."

"ಅಂದ್ರ ನೀವೂ ಸಾಯಬಹುದು."

"ಸಾಯಬಹುದು. ನನಗೇನು ಅಂಜಿಕಿ ಇಲ್ಲಂತಲ್ಲ. ನಿನ್ನ ಬಿಟ್ಟಿರೂದಕ್ಕ ಅದಕ್ಕಿಂತ ಹೆಚ್ಚು ಅಂಜತೇನಿ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲೆ ನಂಬಿಕೆ ಬಂತು. ಭಯವೇನೂ ಹೋಗಿರಲಿಲ್ಲ. ಆದರೂ ಅವನ ಕೈ ಹಿಡಿದಳು.

"ಹೂಂ ರಿ," ಎಂದಳು. "ನೀವು ಸತ್ರ ಅಳತೇನಿ. ಆದ್ರ ನನ್ನಿಂದ ಸತ್ರು ಅಂತ ಅಳೂದಿಲ್ಲ."