ಒಂದೇ ದನಿ, ಎರಡು ಮರ್ಯಾದೆ

"ಇದು ಇಂಡೋನೇಷ್ಯನ್ ರೀ, ನಿಮ್ಮ ಮಲಯ್ ಅಲ್ಲ. ‘ಸಿಲಾಕನ್ ದುದುಕ್, ಇಬು’ ಅಂತಿದಾಳೆ. ಕೂತ್ಕೊಳ್ಳಿ ಅಮ್ಮಾ ಅಂತ." ಅಕ್ಷರಾ ಇಯರ್‌ಫೋನ್ ತೆಗೆದಿಟ್ಟಳು.

"ಇಲ್ಲ ಮಾರಾಯ್ರೆ, ‘ಸಿಲಾ ದುದುಕ್, ಎಂಚಿಕ್’ ಅಂತಿದಾಳೆ. ಗಂಡಸರಿಗೆ ಹೇಳೋದು," ಎಂದ ಹಾಲಸ್ವಾಮಿ. "ನಿದ್ದೆಗಣ್ಣಲ್ಲಿ ಕೇಳಿದ್ರಾ?"

ದುರ್ಗಿಗುಡಿಯ ಆ ಅನುವಾದದ ಆಫೀಸಿನಲ್ಲಿ ಎರಡು ತಿಂಗಳಿಂದ ಅವರಿಬ್ಬರದೂ ಒಂದೇ ಕೆಲಸ. ಹೋಟೆಲುಗಳ ಫೋನ್ ರೆಕಾರ್ಡಿಂಗ್ ಕೇಳಿ, ಸಿಬ್ಬಂದಿ ಮರ್ಯಾದೆಯಿಂದ ಮಾತಾಡಿದ್ದಾರೆಯೇ ಎಂದು ಬರೆಯುವುದು. ಭದ್ರಾವತಿಯ ಜನ್ನಾಪುರದ ಅಕ್ಷರಾ ಜಕಾರ್ತದ ಹೋಟೆಲಿನಲ್ಲಿ ನಾಲ್ಕು ವರ್ಷ ದುಡಿದು ಬಂದವಳು. ಆಯನೂರಿನ ಹಾಲಸ್ವಾಮಿ ಪೆನಾಂಗ್‌ನಲ್ಲಿ.

ಅವಳ ಇಂಡೋನೇಷ್ಯನ್, ಅವನ ಮಲಯ್ ಎರಡೂ ಹೆಚ್ಚುಕಡಿಮೆ ಒಂದೇ ಭಾಷೆ, ಮರ್ಯಾದೆಯಷ್ಟೇ ಬೇರೆ. ಅವಳದು ಗುರುತಿಲ್ಲದವರನ್ನೂ ಅಪ್ಪ, ಅಮ್ಮ ಎಂದು ಹತ್ತಿರ ಕರೆಯುತ್ತದೆ. ಅವನದು ಶ್ರೀಮಾನ್, ಶ್ರೀಮತಿ ಎನ್ನುತ್ತ ಒಂದು ಹೆಜ್ಜೆ ಆಚೆ ನಿಲ್ಲುತ್ತದೆ. ಹಾಲಸ್ವಾಮಿಯೂ ಹಾಗೇ. ಟೀ ಲೋಟ ಕೊಡುವಾಗ ಬೆರಳು ತಾಗದಂತೆ ನೋಡಿಕೊಳ್ಳುವವನು. ಬರುವ ಶುಕ್ರವಾರ ಮತ್ತೆ ಕೆಲಸಕ್ಕೆಂದು ಪೆನಾಂಗಿಗೆ ಹೊರಡುವವನಿದ್ದ.

"ಒಟ್ಟಿಗೆ ಕೇಳೋಣ. ಕೇಳಿದ್ದನ್ನ ಒಂದೊಂದು ಚೀಟೀಲಿ ಬರೆಯೋಣ," ಎಂದಳು.

ಒಂದೇ ಇಯರ್‌ಫೋನ್, ಒಬ್ಬೊಬ್ಬರಿಗೆ ಒಂದೊಂದು ಕಿವಿ. ತಲೆಗಳು ಹತ್ತಿರ ಬಂದವು. ಅವನ ಕಿವಿಯ ತುದಿ ಕೆಂಪಾದದ್ದನ್ನು ಕಂಡು ಅಕ್ಷರಾಳಿಗೆ ನಗು ಬಂತು.

ಚೀಟಿ ಬಿಡಿಸಿದಾಗ ನಗು ಇರಲಿಲ್ಲ. ಅವಳ ಚೀಟಿಯಲ್ಲಿ ಇಬು, ಅವನದರಲ್ಲಿ ಎಂಚಿಕ್.

ಆಫೀಸಿನ ಒಡತಿ ಪುಷ್ಪಾ ಮೇಡಂ ಬಂದು ರೆಕಾರ್ಡಿಂಗ್ ಕಿವಿಗಿಟ್ಟು ಕೇಳಿದರು. "ಬರೀ ಫ್ಯಾನ್ ಸದ್ದು ಕಣ್ರೋ. ತಮಾಷೆ ಮಾಡ್ತಿದ್ದೀರಾ?" ಎಂದು ಹೊರಟುಹೋದರು.

ಮಟಮಟ ಮಧ್ಯಾಹ್ನ. ಆದರೂ ಅಕ್ಷರಾಳ ಬೆನ್ನಿನಲ್ಲಿ ಚಳಿ ಇಳಿಯಿತು. ಮತ್ತೊಮ್ಮೆ ಹಾಕಿದರು. ಈ ಸಲ ಆ ಹೆಂಗಸು ಮುಂದೆಯೂ ಮಾತಾಡಿದಳು, ಪಕ್ಕದಲ್ಲೇ ಕುಳಿತವಳಂತೆ, ಮೆತ್ತಗೆ. ಅಕ್ಷರಾ ಬರೆದಳು: ‘ಅಮ್ಮಾ, ಅವರಿಗೆ ಹೇಳಿದಿರಾ?’

ಅವನ ಚೀಟಿ ಎಳೆದು ನೋಡಿದಳು: ‘ಶ್ರೀಮಾನ್, ಅವರಿಗೆ ಹೇಳಿದಿರಾ?’

"ಯಾರಿಗೆ... ಏನು ಹೇಳ್ಬೇಕಂತೆ?" ಎಂದಳು.

ಹಾಲಸ್ವಾಮಿ ರೆಕಾರ್ಡಿಂಗ್ ನಿಲ್ಲಿಸಿ ಅವಳ ಕಡೆ ತಿರುಗಿದ. "ಅಕ್ಷರಾ ಅವ್ರೇ, ಇದನ್ನ ಹೇಳ್ದೇನೇ ಹೊರಟ್ಬಿಡ್ತೀನೇನೋ ಅಂತ ದಿನಾ ಹೆದರ್ತಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ."

"ಎರಡು ತಿಂಗಳು ಬೇಕಾಯ್ತಾ ಮಾರಾಯ ನಿಂಗೆ?" ಅವಳ ಕಣ್ಣು ತುಂಬಿತ್ತು.

"ಹೋಗೋದು ಬಿಡ್ಲಾ?"

"ಬಿಡು. ಇಲ್ಲಾ ನನ್ನೂ ಕರ್ಕೊಂಡ್ ಹೋಗು. ಒಬ್ನೇ ಹೋಗ್ಬೇಡ."

ಆಗಲೇ ಮೇಜಿನ ಮೇಲಿದ್ದ ಇಯರ್‌ಫೋನ್ ಪಿಸುಗುಟ್ಟಿತು. ರೆಕಾರ್ಡಿಂಗ್ ನಿಲ್ಲಿಸಿಯಾಗಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಬಾಗಿದರು. ಎರಡೇ ಪದ. ಇಬ್ಬರೂ ಬರೆದರು.

ಮೊದಲ ಬಾರಿಗೆ ಎರಡು ಚೀಟಿಯಲ್ಲೂ ಒಂದೇ ಇತ್ತು: ತೆರಿಮಾ ಕಾಸಿ. ಎರಡೂ ಭಾಷೆಗಳಲ್ಲಿ ಧನ್ಯವಾದಕ್ಕೆ ಅದೇ ಮಾತು. ಬಿಡಿಸಿ ಓದಿದರೆ, ಪ್ರೀತಿಯನ್ನು ಸ್ವೀಕರಿಸು ಎಂದು.

ಹಾಲಸ್ವಾಮಿಯ ತಣ್ಣನೆಯ ಬೆರಳುಗಳು ಅವಳ ಕೈ ಹುಡುಕಿ ಬಂದವು. ಅವಳು ಬಿಗಿಯಾಗಿ ಹಿಡಿದುಕೊಂಡಳು.