ಬೆವರಿದ ಟ್ಯೂಬು

ಬೆಳಿಗ್ಗೆ ಏಳು ಗಂಟೆಗೆ ನನ್ನ ಮೇಜಿನ ಮೇಲೆ ಒಂದು ಹೆಣ ಬಿದ್ದಿತ್ತು. ಹೆಣವೆಂದರೆ ಒಂದು ಟ್ಯೂಬು ರಕ್ತ. ಅದರಲ್ಲಿದ್ದ ಪೊಟ್ಯಾಸಿಯಂ ಹನ್ನೊಂದು. ಆರು ದಾಟಿದರೆ ಡಾಕ್ಟರುಗಳು ಓಡಿ ಬರುತ್ತಾರೆ. ಹನ್ನೊಂದಕ್ಕೆ ಹೃದಯವೇ ನಿಂತುಹೋಗಬೇಕು. ಟ್ಯೂಬಿಗೆ ಅಂಟಿಸಿದ್ದ ಚೀಟಿ ಆರನೇ ಹಾಸಿಗೆಯ ಕಂಡಕ್ಟರಮ್ಮನದು. ವಾರ್ಡಿಗೆ ಫೋನ್ ಮಾಡಿದೆ. ಆಕೆ ತಲೆ ಬಾಚಿಕೊಳ್ಳುತ್ತಿದ್ದಾರಂತೆ.

ಈ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿಗೆ ನಾನೊಬ್ಬನೇ ರಾಜ. ಹನ್ನೊಂದು ವರ್ಷದಲ್ಲಿ ಕೋಟಿ ಟ್ಯೂಬು ನೋಡಿದ್ದೇನೆ. ಒಂದು ಹನಿ ರಕ್ತ ಸಿಕ್ಕರೆ ಅದರ ಒಡೆಯ ನಿನ್ನೆ ಯಾರ ಜೊತೆ ಜಗಳವಾಡಿದ ಎಂದು ಹೇಳಬಲ್ಲೆ. ಕೇಳಿಸಿಕೊಳ್ಳಲು ಯಾರೂ ಕೆಳಗಿಳಿದು ಬರುವುದಿಲ್ಲ, ಅದು ಬೇರೆ ಮಾತು.

ಕಂಡಕ್ಟರಮ್ಮ ಬಸ್ಸಿನ ಕೆಲಸದಿಂದ ನಿವೃತ್ತರಾದವರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಪಾರ್ಶ್ವವಾಯು ಹೊಡೆದು ಇಂದಿಗೆ ಒಂಬತ್ತು ದಿನ. ಮಾತು ಹೋಗಿದೆ. ಮೈಯೊಳಗೆ ಉರಿಯೂತವೆದ್ದರೆ ರಕ್ತದಲ್ಲಿ ಸಿಆರ್‌ಪಿ ಎಂಬುದು ಹೊಗೆಯಂತೆ ಏರುತ್ತದೆ. ಆಕೆಯದು ಮೂರನೇ ದಿನ ಅರವತ್ತೆರಡು, ಆರನೇ ದಿನ ಇಪ್ಪತ್ತೆಂಟು, ನಿನ್ನೆ ಹನ್ನೆರಡು. ಇಂದು ಹತ್ತರೊಳಗೆ ಬಂದರೆ ಮಾತು ಕಲಿಸುವ ಕೇಂದ್ರಕ್ಕೆ ಕಳಿಸುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಖಾಲಿ ಇರುವುದು ಒಂದೇ ಹಾಸಿಗೆ. ಮಧ್ಯಾಹ್ನದೊಳಗೆ ಹೋಗದಿದ್ದರೆ ಅದು ಬೇರೆಯವರ ಪಾಲು.

ಇಂದಿನ ಸಿಆರ್‌ಪಿ ಅರವತ್ತೆರಡು.

ಎಲ್ಲೋ ಸೋಂಕು ಅಡಗಿದೆ, ಕಳಿಸುವುದಿಲ್ಲ ಎಂದರು ಡಾಕ್ಟರಮ್ಮ. ಪೊಟ್ಯಾಸಿಯಂ ಸಂಗತಿ ಹೇಳಿದರೆ, ನನ್ನ ಯಂತ್ರ ಕೆಟ್ಟಿರಬೇಕಂತೆ. ನನ್ನ ಯಂತ್ರ! ನನ್ನದೇ ರಕ್ತ ತೆಗೆದು ಹಾಕಿದೆ. ಎಲ್ಲ ಸರಿಯಿತ್ತು.

*

ಮುಂದಿನ ಅನುಮಾನ ಆಕೆಯ ತಂಗಿಯ ಮೇಲೆ. ದಿನಕ್ಕೆ ನೂರು ಸಲ ಫೋನ್ ಮಾಡಿ ರಿಪೋರ್ಟ್ ಕೇಳುವವಳು ಅವಳೇ. ಅಕ್ಕ ಹೋಗುವುದು ಇಷ್ಟವಿಲ್ಲವೇನೋ. ಎಷ್ಟೋ ಯುಗಗಳ ನಂತರ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದೆ. ಮಂಚದ ಕೆಳಗೆ ಅಕ್ಕನ ಬಟ್ಟೆ ತುಂಬಿದ ಬ್ಯಾಗು ಜಿಪ್ ಹಾಕಿಕೊಂಡು ಹೊರಟು ಕೂತಿತ್ತು. ತಡೆಯುವವರು ಬ್ಯಾಗು ಕಟ್ಟುತ್ತಾರೆಯೇ?

"ಬೆಳಿಗ್ಗೆ ಯಾವ ಕೈಗೆ ಚುಚ್ಚಿದ್ರು?" ಎಂದು ತಂಗಿಯನ್ನು ಕೇಳಿದೆ.

"ಇವತ್ತು ಚುಚ್ಚೇ ಇಲ್ವಲ್ಲ. ರಕ್ತ ತೆಗೆಯೋರು ಬಂದ್ರು, ಅಕ್ಕನ ಹತ್ರ ಸ್ವಲ್ಪ ಹೊತ್ತು ಕೂತ್ರು, ಹೋದ್ರು."

ಕಂಡಕ್ಟರಮ್ಮನ ಎರಡು ತೋಳನ್ನೂ ನೋಡಿದೆ. ಹೊಸದಾಗಿ ಚುಚ್ಚಿದ ಗುರುತಿಲ್ಲ. ಆಕೆ ಹಾಸಿಗೆಯ ಅಂಚು ತಟ್ಟಿ, "ರೈಟ್" ಎಂದರು. ಅವರಿಗೆ ಉಳಿದಿದ್ದು ಅದೊಂದೇ ಮಾತು. ಕೂರು ಎಂಬ ಅರ್ಥ. ಯಾರೂ ಹಾಗೆ ಕರೆದು ಅಭ್ಯಾಸವಿಲ್ಲದ ನಾನು ನಿಂತೇ ಇದ್ದೆ.

*

ರಕ್ತ ತೆಗೆಯುವವನನ್ನು ಎಲ್ಲರೂ ಸೂಜಿ ಎನ್ನುತ್ತಾರೆ. ಲ್ಯಾಬಿನ ಕಿಟಕಿಗೆ ಕರೆಸಿದೆ. ಬೆಳಿಗ್ಗೆ ಅವನು ಟ್ಯೂಬು ಇಟ್ಟಿದ್ದ ಕಾಗದವನ್ನು ಮುಂದೆ ಹಿಡಿದೆ. ಅದರ ಮೇಲೆ ಒದ್ದೆಯಾಗಿ ಒಣಗಿದ ಗುರುತು.

"ಆಗಷ್ಟೇ ತೆಗೆದ ರಕ್ತ ಬೆಚ್ಚಗಿರುತ್ತೆ. ಇದು ಬೆವರಿದೆ. ಫ್ರಿಜ್‌ನಿಂದ ಬಂದಿದ್ದು ಮಾತ್ರ ಹೀಗೆ ಬೆವರೋದು."

ಉಳಿದದ್ದನ್ನೂ ಬಿಡಿಸಿಟ್ಟೆ. ಪ್ರತಿ ರೋಗಿಯದೂ ಒಂದು ಹೆಚ್ಚುವರಿ ಟ್ಯೂಬು ಕಿಟಕಿಯ ಪಕ್ಕದ ಫ್ರಿಜ್‌ನಲ್ಲಿ ವಾರವಿಡೀ ಇರುತ್ತದೆ. ಕಂಡಕ್ಟರಮ್ಮನ ಮೂರನೇ ದಿನದ ಜಾಗ ಖಾಲಿ. ತಣ್ಣಗಿಟ್ಟ ರಕ್ತದ ಕಣಗಳು ಪೊಟ್ಯಾಸಿಯಂ ಸೋರಿಸುತ್ತವೆ, ಆದರೆ ಸಿಆರ್‌ಪಿ ಇದ್ದಷ್ಟೇ ಇರುತ್ತದೆ. ಅದಕ್ಕೇ ಅದೇ ಅರವತ್ತೆರಡು. ಹಳೆಯ ಟ್ಯೂಬಿಗೆ ಇವತ್ತಿನ ಚೀಟಿ.

ಅವನು ಅಲ್ಲಗಳೆಯಲಿಲ್ಲ.

"ನನ್ನ ಕಂಡ್ರೆ ಇಡೀ ವಾರ್ಡು ಮುಖ ತಿರುಗಿಸುತ್ತೆ ಸಾರ್. ಪಕ್ಕದಲ್ಲಿ ಕೂರು ಅಂದಿದ್ದು ಆಯಮ್ಮ ಒಬ್ರೇ. ಇನ್ನೊಂದೆರಡು ದಿನ ಇರ್ಲಿ ಅಂದ್ಕೊಂಡೆ."

"ಆ ಹಾಸಿಗೆ ತಪ್ಪಿದ್ರೆ ಅವರಿಗೆ ಜನ್ಮಪೂರ್ತಿ ಒಂದೇ ಮಾತು."

ಅವನ ಮುಖ ಸುಣ್ಣವಾಯಿತು. ತಾನೇ ಓಡಿಹೋಗಿ, ತಂಗಿಯ ಎದುರಲ್ಲೇ ರಕ್ತ ತೆಗೆದು ತಂದ. ಟ್ಯೂಬು ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಸಿಆರ್‌ಪಿ ಏಳು.

ಹನ್ನೊಂದಕ್ಕೆ ಆಂಬುಲೆನ್ಸ್ ಹೊರಟಿತು. ನೆಲಮಾಳಿಗೆಯಿಂದ ಬರೀ ಚಕ್ರಗಳು ಕಾಣುತ್ತವೆ. "ರೈಟ್, ರೈಟ್" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

*

ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಹೇಳಲೇಬೇಕಿತ್ತು. ಸಂಜೆಯೊಳಗೆ ಅವನ ಕೆಲಸ ಹೋಯಿತು. ನನ್ನಂಥ ಪತ್ತೇದಾರ ಏಳು ಲೋಕದಲ್ಲಿಲ್ಲ.

ಮರುದಿನ ಟ್ಯೂಬುಗಳು ಪೆಟ್ಟಿಗೆಯಲ್ಲಿ ಬಂದವು. ತಂದಿಟ್ಟವರು ಯಾರೋ ನೋಡಲಿಲ್ಲ. ಹನ್ನೊಂದು ವರ್ಷ ಆ ಕಿಟಕಿ ತಟ್ಟುತ್ತಿದ್ದವನು ಸೂಜಿಯೊಬ್ಬನೇ. "ತಿಂಡಿ ಆಯ್ತಾ ಸಾರ್?" ಎಂದು ದಿನಾ ಕೇಳುತ್ತಿದ್ದ. ನಾನು ಒಂದು ದಿನವೂ ತಲೆಯೆತ್ತಿರಲಿಲ್ಲ.

"ಆಯ್ತಪ್ಪಾ," ಎಂದೆ, ಪೆಟ್ಟಿಗೆಗೆ. "ನಿಂದು?"