ಕ್ಯಾರಿಯರಿನಿಂದ ಕಾಣದ ಮುಖ

ಮೂಡುಬಿದಿರೆಯ ಚಿಕ್ಕಮ್ಮನ ಮನೆಯಂಗಳದಲ್ಲಿ, ಹಾಡಹಗಲೇ, ಹೊಸ ಮದುಮಗಳು ರಾಜೀವಿ ಕಳ್ಳತನ ಮಾಡುತ್ತಿದ್ದಳು.

ಒಳಗೆ ಚಿಕ್ಕಮ್ಮ ನೀರುದೋಸೆ ಎರೆಯುತ್ತಿದ್ದರು. ಚಾವಡಿಯಲ್ಲಿ ಗಂಡ ಶೇಖರ ಚಿಕ್ಕಪ್ಪನಿಗೆ ಬೊಂಬಾಯಿಯ ಸುದ್ದಿ ಹೇಳುತ್ತಿದ್ದ. ಇವಳು ಸೈಕಲ್ಲಿನ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಸಣ್ಣ ನಟ್ಟು ತಿರುಗಿಸಿ, ಗಾಳಿ ಹಿಡಿದಿಡುವ ರಬ್ಬರು ನಳಿಗೆಯನ್ನು, ಅದೇ ವಾಲ್‌ಟ್ಯೂಬು ಅನ್ನುತ್ತಾರಲ್ಲ, ಅದನ್ನು ಎಳೆದು ತೆಗೆದು ಕುಂಕುಮದ ಕರಡಿಗೆಯೊಳಗೆ ಸೇರಿಸಿದಳು. ಚಕ್ರ ಉಸ್ಸೆಂದು ಕುಸಿಯಿತು. ಯಾರಾದರೂ ಕೇಳಿಸಿಕೊಂಡರೋ ಎಂದು ಅವಳು ಚಾವಡಿಯ ಕಡೆ ಇಣುಕಿದಳು.

ಅದು ಐವತ್ತೆಂಟನೇ ಇಸವಿ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿಯನ್ನು ನೆಂಟರೆಲ್ಲ ಸರದಿಯಂತೆ ಔತಣಕ್ಕೆ ಕರೆಯುವುದು ನಮ್ಮ ಕಡೆಯ ಕ್ರಮ. ಮುಂಡಾಜೆಯ ತವರಿನಿಂದ ಹೊರಟು ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಸಿದ್ಧಕಟ್ಟೆ, ಕೊನೆಗೆ ಪಾಣೆಮಂಗಳೂರಿನಲ್ಲಿ ಅತ್ತಿಗೆಯ, ಎಂದರೆ ಶೇಖರನ ಅಕ್ಕನ ಮನೆ. ಬಸ್ಸಿನಲ್ಲಿ ಹೋಗಿ ಎಂದು ಹಿರಿಯರು ಹೇಳಿದರೆ ಶೇಖರ ಕೇಳಬೇಕಲ್ಲ! ಅಣ್ಣನ ಸೈಕಲ್ಲು ತಂದ, ಕ್ಯಾರಿಯರಿಗೆ ಹಳೆಯ ತಲೆದಿಂಬು ಕಟ್ಟಿದ, ಮದುಮಗಳನ್ನು ಅದರ ಮೇಲೆ ಕೂರಿಸಿದ. ಊರಿನ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಅದಕ್ಕೆ ಕಾರಣ ಒಂದು ಕ್ಯಾಲೆಂಡರು. ಬೊಂಬಾಯಿಯಲ್ಲಿ ಅವನು ಕೆಲಸಕ್ಕಿದ್ದ ಹೋಟೆಲಿನ ಗೋಡೆಯಲ್ಲಿ ಹಿಮದ ಬೆಟ್ಟ, ಅದರ ಬುಡದ ದಾರಿಯಲ್ಲಿ ಸೈಕಲ್ ತುಳಿಯುವ ಒಂದು ಬಿಳಿಯ ಜೋಡಿ.

"ಯುರೋಪಿನಲ್ಲಿ ಮದುವೆಯಾದವರು ಹೀಗೆ ಊರೂರು ತಿರುಗ್ತಾರಂತೆ. ಹನಿಮೂನ್ ಅಂತಾರೆ ಅದಕ್ಕೆ," ಎಂದು ಅವನು ಮೊದಲ ದಿನವೇ ಹೇಳಿದ್ದ.

"ಅವರಿಗೆ ನೆಂಟರ ಮನೆ ಇಲ್ಲವಾ?" ಎಂದು ಅವಳು ಕೇಳಿದ್ದಳು.

ಅವನು ನಕ್ಕಿದ್ದು ಅವಳಿಗೆ ಬೆನ್ನಿನ ಅಲುಗಾಟದಿಂದಷ್ಟೇ ತಿಳಿದಿತ್ತು.

ರಾಜೀವಿಯ ಸಂಕಟವೇ ಅದು. ಯಾವ ಮನೆಗೆ ಹೋದರೂ ಹೆಂಗಸರು ಅವಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು, ಗಂಡಸರು ಅವನನ್ನು ಚಾವಡಿಯಲ್ಲಿ ಹಿಡಿದು ಕೂರಿಸುತ್ತಿದ್ದರು. ಮಲಗುವುದೂ ಹಾಗೆಯೇ, ಇವಳು ಅತ್ತೆಯಂದಿರ ನಡುವೆ, ಅವನು ಮಾವಂದಿರ ನಡುವೆ. ಧಾರೆಯ ಹೊತ್ತಿನಲ್ಲಿ ತಲೆ ಎತ್ತಲು ನಾಚಿಕೆ. ಬರುತ್ತೇನೆಂದ ಫೋಟೋದವನು ಬರಲೇ ಇಲ್ಲ. ಇಬ್ಬರೇ ಇರುವುದು ದಾರಿಯಲ್ಲಿ, ದಾರಿಯಲ್ಲಿ ಅವಳಿಗೆ ಕಾಣುವುದು ಬೆನ್ನು. ಬಿಳಿ ಶರಟಿನ ಎಡಭುಜದ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಕೇಳಿದರೆ ಕಣ್ಣು ಕಟ್ಟಿಯೂ ತೋರಿಸಿಯಾಳು. ಮುಖ ಹೇಗಿದೆ ಎಂದರೆ ತಡವರಿಸುತ್ತಾಳೆ.

ಅಂಥವನು ಮರುದಿನವೇ ಹೊರಟುಹೋಗುವವನು. ಪಾಣೆಮಂಗಳೂರಿನಿಂದ ಮಧ್ಯಾಹ್ನದ ಬಸ್ಸು, ಮಂಗಳೂರಿನಿಂದ ಬೊಂಬಾಯಿಗೆ ಸ್ಟೀಮರು, ಅಲ್ಲಿಂದ ಯುರೋಪಿಗೆ ಹೋಗುವ ಹಡಗಿನಲ್ಲಿ ಊಟ ಬಡಿಸುವ ಕೆಲಸ. ತಿರುಗಿ ಬರಲು ಎರಡು ಮಳೆಗಾಲ ಕಳೆಯಬೇಕು. ಬಸ್ಸು ತಪ್ಪಿದರೆ ಸ್ಟೀಮರು ತಪ್ಪಿತು, ಸ್ಟೀಮರು ತಪ್ಪಿದರೆ ಹಡಗಿನವರು ಮತ್ತೆ ಕರೆಯುವವರಲ್ಲ.

ವೇಣೂರಿನಲ್ಲಿ ಯಾವುದೋ ಪೋಕರಿ ಮಗು ವಾಲ್‌ಟ್ಯೂಬು ಕಿತ್ತದ್ದೇ ನೆಪ. ಅಂದು ಇಬ್ಬರೂ ಸೈಕಲ್ಲು ನೂಕಿಕೊಂಡು ಅಕ್ಕಪಕ್ಕ ನಡೆದರು. ಅವಳು ಮೊದಲ ಬಾರಿಗೆ ಅವನ ಮುಖವನ್ನು ತೃಪ್ತಿಯಾಗುವಷ್ಟು ನೋಡಿದಳು. ಗಲ್ಲದ ಕೆಳಗೊಂದು ಮಚ್ಚೆ ಇತ್ತು. ಮಾತಾಡುವ ಮೊದಲು ಬಲಹುಬ್ಬು ಏರುತ್ತಿತ್ತು. ಆಮೇಲೆ ಸುಮ್ಮನಿರುವುದು ಅವಳಿಂದಾಗಲಿಲ್ಲ, ನೋಡಿ.

ಚಿಕ್ಕಮ್ಮನ ಅಂಗಳದಲ್ಲಿ ಶೇಖರ ಚಕ್ರವನ್ನು ಒತ್ತಿ ನೋಡಿದ.

"ಮತ್ತೆ ಮಕ್ಕಳ ಕೆಲಸ," ಎಂದ.

ಆ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ರಾಜೀವಿ ಸೆರಗಿನ ಅಂಚು ನೋಡುತ್ತ ನಿಂತಳು.

ಪೇಟೆಯ ಸೈಕಲ್ ಶಾಪಿಗೆ ನಡೆದು ಹೋಗುವಾಗ ಬಸದಿಯ ದಾರಿ ಬಂತು. "ಇದು ರೋಮ್," ಎಂದ ಅವನು ಗತ್ತಿನಿಂದ. "ಕಂಬಗಳನ್ನು ನೋಡು. ವೇಣೂರಿನ ಹೊಳೆ ರೈನ್ ನದಿ. ಬೆಳ್ತಂಗಡಿಯ ಗಡಾಯಿಕಲ್ಲು ಆಲ್ಪ್ಸ್."

"ಗಡಾಯಿಕಲ್ಲಿನ ಮೇಲೆ ಹಿಮ ಎಲ್ಲುಂಟು?"

"ಬೆಳಿಗ್ಗೆ ಮಂಜು ಇರಲಿಲ್ಲವಾ? ಸ್ವಲ್ಪ ಹೊಂದಿಸಿಕೊಳ್ಳಬೇಕು ಮಾರಾಯ್ತಿ."

"ಹಾಗಾದರೆ ಪ್ಯಾರಿಸ್ ಎಲ್ಲಿ?"

"ಸಿದ್ಧಕಟ್ಟೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ಪ್ಯಾರಿಸ್ಸಿನಲ್ಲಿ ಗೋಳಿಬಜೆ ಸಿಗ್ತದಾ?"

"ನಾನು ಹೋಗಿ ನೋಡಿ ಬಂದು ಹೇಳ್ತೇನೆ," ಎಂದ. ಹೋಗಿ ಎಂಬ ಮಾತು ಬಾಯಿಂದ ಬಿದ್ದದ್ದೇ ಅವನು ಸೈಕಲ್ಲನ್ನು ಬೇಗ ಬೇಗ ನೂಕತೊಡಗಿದ.

ಸಿದ್ಧಕಟ್ಟೆಯಲ್ಲಿ ಊಟವಾಯಿತು, ಬೆಳಗಾಯಿತು. ಅದು ಬಸ್ಸಿನ ದಿನ. ರಾಜೀವಿ ಮತ್ತೆ ಚಕ್ರದ ಬಳಿ ಕೂತಳು. ಮುಖ ನೋಡುವ ಆಸೆಗೆ ಸಾಕೆಂಬುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು, ಅವನು ಹೋಗಲೇಕೂಡದು. ಬಂಟ್ವಾಳದವರೆಗೆ ಸೈಕಲ್ ಶಾಪಿಲ್ಲ. ನಡೆದರೆ ಬಸ್ಸು ಸಿಗುವುದಿಲ್ಲ. ಇಷ್ಟು ಲೆಕ್ಕ ಹಾಕಿಯೇ ಅವಳು ನಟ್ಟು ತಿರುಗಿಸಿದಳು.

ಶೇಖರ ಸೈಕಲ್ಲು ನೂಕಿದ. ಬಿಸಿಲೇರಿತು. ಗೇರುಮರಗಳ ಗುಡ್ಡ ದಾಟಿ, ಬಂಟ್ವಾಳ ಇನ್ನೂ ದೂರವಿರುವಾಗಲೇ ಅವನು ಒಂದು ಮರದ ನೆರಳಲ್ಲಿ ಸೈಕಲ್ಲನ್ನು ನಿಲ್ಲಿಸಿದ.

"ಹೀಗೆ ನಡೆದರೆ ಬಸ್ಸು ಸಿಗುವುದಿಲ್ಲ ರಾಜೀವಿ."

"ಸಿಗುವುದು ಬೇಡ!" ಅವಳು ಸೈಕಲ್ಲಿಗೆ ಅಡ್ಡ ನಿಂತಳು. "ನೀವು ಹೋಗಬೇಡಿ. ನಾನೇ ಕಿತ್ತದ್ದು, ನಿನ್ನೆಯೂ ನಾನೇ. ಬೈಯುವುದಾದರೆ ಬೈಯಿರಿ, ಹೋಗುವುದು ಮಾತ್ರ ಬೇಡ."

"ಬರುತ್ತೇನಲ್ಲ..."

"ನನ್ನ ಅಪ್ಪನೂ ಹಾಗೇ ಹೇಳಿದ್ದಂತೆ. ನಾನು ಹೊಟ್ಟೆಯಲ್ಲಿದ್ದಾಗ ಕೊಲಂಬೋದ ಹೋಟೆಲಿನ ಕೆಲಸಕ್ಕೆ ಹೋದವರು. ಕಾದು ಕಾದು, ಕೊನೆಗೆ ಈ ಸಂಬಂಧ ಮುಗಿಯಿತು ಅಂತ ಸೋದರಮಾವ ಹೇಳಿಬಿಟ್ಟರು. ಅಪ್ಪ ಹೇಗಿದ್ದರು ಅಂತ ಒಮ್ಮೆ ಅಮ್ಮನ ಹತ್ತಿರ ಕೇಳಿದೆ. ಅಕ್ಕಿ ಗೇರುತ್ತಿದ್ದವರು ಕೈ ನಿಲ್ಲಿಸಿದರು. ಎತ್ತರ ಇದ್ದರು ಮಗಾ, ಮುಖ ನೆನಪಿಗೆ ಬರುವುದಿಲ್ಲ ಅಂದರು." ಅವಳು ಬಿಕ್ಕಿದಳು. "ಅಮ್ಮ ಅವರ ಜೊತೆ ಒಂದು ವರ್ಷ ಸಂಸಾರ ಮಾಡಿದ್ದು. ನನಗೆ ನಿಮ್ಮ ಬೆನ್ನು ಬಿಟ್ಟರೆ ಏನು ಸಿಕ್ಕಿದೆ ಹೇಳಿ? ನಾನು ಯಾವುದನ್ನು ನೆನಪಿಟ್ಟುಕೊಳ್ಳಲಿ?"

ಶೇಖರ ಶರಟಿನ ಜೇಬಿಗೆ ಕೈಹಾಕಿ ಏನನ್ನೋ ತೆಗೆದು ಅಂಗೈಯಲ್ಲಿ ಹಿಡಿದ. ಹೊಸ ವಾಲ್‌ಟ್ಯೂಬು.

"ವೇಣೂರಿನಿಂದ ಜೇಬಲ್ಲೇ ಉಂಟು," ಎಂದ ತಗ್ಗಿದ ದನಿಯಲ್ಲಿ. "ಸೈಕಲ್ಲಿನಲ್ಲಿ ನಿನಗೆ ಬೆನ್ನಾದರೂ ಕಾಣ್ತದೆ. ನನಗೆ ಬರೀ ದಾರಿ."

ಅವಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತಳು.

"ಹಾಕಬೇಕಾ ಬೇಡವಾ, ನೀನೇ ಹೇಳು. ನೀನು ಬೇಡ ಅಂದರೆ ಹಡಗು ಬೇಡ. ಅಣ್ಣನ ಜೊತೆ ಗದ್ದೆ ನೋಡಿಕೊಂಡು ಇರ್ತೇನೆ. ಆಮೇಲೆ ನಿನ್ನ ಮೇಲೆ ಒಂದು ಮಾತು ಹಾಕುವುದಿಲ್ಲ."

ಅವನು ಆಡಿದಂತೆ ನಡೆಯುವವನು, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬೇಡ ಎಂಬ ಎರಡಕ್ಷರ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳುವ ಮೊದಲು ಮುಖವನ್ನೊಮ್ಮೆ ನೋಡಿದಳು.

ಆಲ್ಪ್ಸ್ ಎನ್ನುವಾಗ ಏರುತ್ತಿದ್ದ ಆ ಹುಬ್ಬು ಇಳಿದಿತ್ತು. ತುಂಟ ಕಣ್ಣು ಸಾಧುವಾಗಿ, ವಿಧೇಯವಾಗಿ, ಅವಳ ಅಪ್ಪಣೆಗೆ ಕಾಯುತ್ತಿತ್ತು. ಹೀಗೆ ನೋಡುವ ಮನುಷ್ಯನ ಪರಿಚಯ ಅವಳಿಗಿರಲಿಲ್ಲ. ಅವಳು ಕದ್ದು ಕದ್ದು ಕಲಿತ ಮುಖ ಬೇರೆಯೇ, ಅದು ಲೋಕ ನೋಡಬೇಕೆಂಬ ಹಂಬಲದಿಂದಲೇ ಬೆಳಗುತ್ತಿದ್ದ ಮುಖ. ಇವನನ್ನು ಇಟ್ಟುಕೊಂಡರೆ ಆ ಮುಖದವನು ಹೋದಹಾಗೆಯೇ. ಅವಳಿಗೆ ಅಳಲೂ ಆಗಲಿಲ್ಲ, ಅಷ್ಟು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು.

"ಹಾಕಿ," ಎಂದಳು.

"ರಾಜೀವಿ..."

"ಹಾಕಿ ಅಂದೆನಲ್ಲ! ಬೇಗ. ನನ್ನ ಮನಸ್ಸು ತಿರುಗುವ ಮೊದಲು."

ಅವನು ಹಾಕಿದ. ಗಾಳಿ ತುಂಬಿದ್ದು ಅವಳೇ, ಹಲ್ಲು ಕಚ್ಚಿ, ಬಳೆ ಸದ್ದಾಗುವಂತೆ, ಸೈಕಲ್ಲಿಗೆ ಕಟ್ಟಿದ್ದ ಪಂಪನ್ನು ಒತ್ತಿ ಒತ್ತಿ. ತಲೆದಿಂಬಿನ ಮೇಲೆ ಕೂರಲು ಹೋದವಳನ್ನು ಅವನು ತಡೆದ. ಹ್ಯಾಂಡಲಿನ ಹಿಂದಿನ ಅಡ್ಡ ಸರಳನ್ನು ತೋರಿಸಿ, "ಇಲ್ಲಿ ಕೂರು," ಎಂದ.

"ಮುಂದೆಯಾ? ಬಂಟ್ವಾಳ ಪೇಟೆಯ ನಡುವೆ? ಜನ ಏನು ಹೇಳ್ತಾರೆ?"

"ಏನು ಬೇಕಾದರೂ ಹೇಳಲಿ. ನೀನು ನೋಡು."

ಬಂಟ್ವಾಳದ ಪೇಟೆ ಅಂದು ಕಂಡದ್ದನ್ನು ಬಹಳ ಕಾಲ ಮರೆಯಲಿಲ್ಲ. ಹಾಜಬ್ಬರ ದಿನಸಿ ಅಂಗಡಿಯಲ್ಲಿ ತಕ್ಕಡಿ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಹೋಟೆಲಿನೊಳಗಿದ್ದವರು ಚಹಾ ಬಿಟ್ಟು ಬಾಗಿಲಿಗೆ ಬಂದರು. "ಅಯ್ಯಯ್ಯೋ, ಮರ್ಯಾದೆ ಉಂಟಾ ಇವರಿಗೆ!" ಎಂದು ಯಾವುದೋ ಅಜ್ಜಿ ಕೂಗಿದರು. ಅವನ ಎರಡು ತೋಳುಗಳ ನಡುವೆ ಅಡ್ಡ ಕೂತ ರಾಜೀವಿ ಯಾರ ಕಡೆಗೂ ತಿರುಗಲಿಲ್ಲ. ಗೇಣು ದೂರದಲ್ಲಿ ಆ ಮುಖವಿತ್ತು. ಮಚ್ಚೆ, ಮೇಲ್ದುಟಿಯ ಹಳೆಯ ಗಾಯದ ಗೆರೆ, ಕಿವಿಯ ಮುಂದಿನಿಂದ ಇಳಿಯುವ ಬೆವರು. ದಾರಿ ನೋಡಬೇಕಾದವನು ಎಡೆಯೆಡೆಯಲ್ಲಿ ಅವಳನ್ನು ನೋಡುತ್ತಿದ್ದ.

"ಎದುರು ನೋಡಿ, ಬೀಳ್ತೇವೆ," ಎಂದಳು.

"ಬೀಳುವ," ಎಂದ. ಅವನ ಕಣ್ಣಲ್ಲೂ ನೀರಿತ್ತು.

ಸೇತುವೆ ದಾಟಿ ಪಾಣೆಮಂಗಳೂರಿಗೆ ಬಂದಾಗ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅತ್ತಿಗೆ ಸರಸ, ಮೊದಲೇ ತಮ್ಮ ಮನೆಗೆ ಕಳಿಸಿದ್ದ ಅವನ ಟ್ರಂಕನ್ನು ತಂದು ನಿಂತಿದ್ದರು. ಊಟವೂ ಇಲ್ಲ, ಮಾತೂ ಇಲ್ಲ. ಅವನು ಸೈಕಲ್ಲನ್ನು ಅವಳ ಕೈಗೆ ಕೊಟ್ಟ.

"ತುಳಿಯಲು ಕಲಿತಿರು. ನಾನು ಬಂದ ದಿನ ನೀನು ತುಳಿಯಬೇಕು. ನಿನ್ನ ಬೆನ್ನು ನೋಡುವ ಸರದಿ ನನ್ನದು."

"ಬನ್ನಿ," ಎಂದಳು.

ಬಸ್ಸು ಸೇತುವೆಯ ಮೇಲೇರಿತು. ಅವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಹಿಂದಕ್ಕೇ ನೋಡುತ್ತಿದ್ದ, ಬೆನ್ನು ತೋರಿಸಲೇ ಇಲ್ಲ. ಧೂಳು ಅವನನ್ನು ಮುಚ್ಚಿತು. ಧೂಳು ಇಳಿದಾಗ ಆಚೆ ದಡದ ದಾರಿ ಖಾಲಿಯಾಗಿತ್ತು.

"ಮನೆಗೆ ಹೋಗುವ ಬಾ ಮಗಾ," ಎಂದು ಸರಸ ಕರೆದರು.

"ಒಂದು ನಿಮಿಷ ಅತ್ತಿಗೆ."

ರಾಜೀವಿ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು, ಅಷ್ಟು ಜನರ ನಡುವೆ, ಹೆದರುತ್ತ ಹೆದರುತ್ತ ಕಣ್ಣು ಮುಚ್ಚಿದಳು. ಮೊದಲು ಕತ್ತಲು. ಆಮೇಲೆ ಬೆವರಿನೊಂದಿಗೆ, ಮಚ್ಚೆಯೊಂದಿಗೆ, ಏನೋ ಹೇಳಲು ಹುಬ್ಬೇರಿಸಿಕೊಂಡು, ಮುಖ ಬಂತು. ಕಣ್ಣು ತೆರೆಯಲು ಧೈರ್ಯವಾಗದೆ ಅವಳು ಹಾಗೆಯೇ ನಿಂತಳು.